ಬಸ್ಸಿನ ನಂಬರುಗಳನ್ನು ಕೂಡಿ ಕಟ್ಟಿದ ಕಂಬಗಳು

ನಗರ ಸಾರಿಗೆ ಕಚೇರಿಯ ಮಾನ್ಯ ಯೋಜನಾಧಿಕಾರಿಗಳೇ,

ತಾವು ಬಸ್ಸುಗಳ ನಂಬರುಗಳನ್ನು ಒಂದಕ್ಕೊಂದು ಕೂಡಿದ್ದೀರಿ. ಬಂದ ಮೊತ್ತವನ್ನು ಪ್ರಯಾಣಿಕರು ಎಂದು ಕರೆದಿದ್ದೀರಿ. ಆ ಮೊತ್ತದಲ್ಲಿ ಕುಳ್ಳಗೆ ಕಂಡಿತೆಂಬ ಅಪರಾಧಕ್ಕಾಗಿ ನಮ್ಮ ಮೂರನೇ ನಂಬರ್ ಬಸ್ಸನ್ನು ಬರುವ ಸೋಮವಾರದಿಂದ ನಿಲ್ಲಿಸಲು ಆದೇಶಿಸಿದ್ದೀರಿ. ಇದನ್ನು ಓದಿ ತಮಗೆ ನಗು ಬಂದಿದ್ದರೆ ಸಂತೋಷ. ನನಗೂ ಬಂತು. ಆಮೇಲೆ ಸೋಮವಾರ ನೆನಪಾಯಿತು.

ತಮ್ಮ ಆದೇಶವನ್ನೂ ಅದರ ಜೊತೆಗಿನ ಕಂಬಗಳ ಚಿತ್ರವನ್ನೂ, ಅಂದರೆ ಸ್ತಂಭಾಲೇಖವನ್ನೂ, ನಮ್ಮ ಬಸ್ ನಿಲ್ದಾಣದ ಗಾಜಿಗೆ ಅಂಟಿಸಲಾಗಿದೆ. ಸ್ತಂಭಾಲೇಖವನ್ನು ನೋಡಿ ಸ್ತಂಭೀಭೂತಳಾಗುವುದು ಪ್ರಜೆಯಾದ ನನ್ನ ಕರ್ತವ್ಯ, ಆದೆ. ತಲೆಬರಹ ‘ಮಾರ್ಗವಾರು ಪ್ರಯಾಣಿಕರು’. ಬಲಗಡೆ ನಾನೂರ ಹನ್ನೆರಡನೇ ನಂಬರಿನ ಹಸಿರು ಕಂಬ ಮುಗಿಲಿಗೆ ಮುಟ್ಟಿದೆ. ಎಡಮೂಲೆಯಲ್ಲಿ ನಮ್ಮ ಮೂರನೇ ನಂಬರಿನ ಕೆಂಪು ಕಂಬ, ಹಲ್ಲುಕಡ್ಡಿಯನ್ನು ಅಡ್ಡ ಮಲಗಿಸಿದಷ್ಟು ಎತ್ತರ. ಅಂಚಿನಲ್ಲಿ ಇರುವೆಗಾತ್ರದ ಅಕ್ಷರಗಳಲ್ಲಿ ಒಂದು ಸತ್ಯ ಬರೆದಿದೆ: ‘ಮಾರ್ಗ ಸಂಖ್ಯೆಯ ಮೊತ್ತ’. ತಮ್ಮ ತಂತ್ರಾಂಶ ಪ್ರಾಮಾಣಿಕ ಪ್ರಾಣಿ. ತಾನು ಏನು ಮಾಡಿದೆನೆಂದು ಬರೆದೇ ಬಿಟ್ಟಿದೆ. ಓದುವವರು ಯಾರು?

ಕಾಲೇಜಿನಲ್ಲಿ ನಾನೂ ಇದೇ ತಂತ್ರಾಂಶ ಕಲಿಯುತ್ತಿರುವುದರಿಂದ ತಮಗೆ ವಿವರಿಸುವ ಸೌಭಾಗ್ಯ ನನ್ನದಾಗಲಿ. ಬಸ್ಸು ಓಡಿದ ಒಂದೊಂದು ಸರದಿಗೂ ತಮ್ಮ ಕೋಷ್ಟಕದಲ್ಲಿ ಒಂದೊಂದು ಸಾಲಿದೆ. ಅದರಲ್ಲಿ ಮಾರ್ಗ ಸಂಖ್ಯೆ ಒಂದು ಕಡೆ, ಪ್ರಯಾಣಿಕರ ಸಂಖ್ಯೆ ಇನ್ನೊಂದು ಕಡೆ. ನಮ್ಮ ಭಾಷೆಯ ಉದಾರತೆ ನೋಡಿ, ಹೆಸರಿನ ಬದಲು ಹಚ್ಚಿದ ಗುರುತಿಗೂ ಸಂಖ್ಯೆ ಎನ್ನುತ್ತೇವೆ, ಎಣಿಸಿದ ತಲೆಗಳಿಗೂ ಸಂಖ್ಯೆ ಎನ್ನುತ್ತೇವೆ. ತಮ್ಮ ಕಚೇರಿಯ ಬೆರಳು ಎರಡನೆಯದರ ಬದಲು ಮೊದಲನೆಯದನ್ನು ಒತ್ತಿತು. ತಂತ್ರಾಂಶಕ್ಕೆ ಅಂಕಿ ಕಂಡರೆ ಸಾಕು, ಕೂಡಿಬಿಡುತ್ತದೆ. ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟುವ ಜಾತಿ ಅದು. ಮೂರನೇ ನಂಬರ್ ದಿನಕ್ಕೆ ನಲವತ್ತು ಸಲ ಓಡುತ್ತದೆ. ಮೂರನ್ನು ನಲವತ್ತು ಸಲ ಕೂಡಿದರೂ ಬರುವುದು ನೂರಿಪ್ಪತ್ತು. ಗೋದಾಮುಗಳ ಕಡೆಗೆ ಹೋಗುವ ನಾನೂರ ಹನ್ನೆರಡು ಒಂದೇ ಒಂದು ಸಲ, ಡ್ರೈವರನ್ನೂ ಕಂಡಕ್ಟರನ್ನೂ ಮಾತ್ರ ಕೂರಿಸಿಕೊಂಡು ಓಡಿದರೂ ನಾನೂರ ಹನ್ನೆರಡು! ನಾವು ಈ ಜನ್ಮದಲ್ಲಿ ಅದನ್ನು ಹಿಂದೆ ಹಾಕಲು ಸಾಧ್ಯವೇ?

ತಮ್ಮ ಈ ವಿಧಾನ ನಾಡಿನಾದ್ಯಂತ ಜಾರಿಯಾಗಲಿ ಎಂಬ ಆಸೆಯೂ ನನಗಿದೆ. ತರಗತಿಯಲ್ಲಿ ನನ್ನ ಹಾಜರಿ ನಂಬರ್ ಐವತ್ತೆಂಟು. ಪ್ರತಿ ಪರೀಕ್ಷೆಯಲ್ಲೂ ಮೊದಲು ಬರುವ ಹುಡುಗಿಯದು ಎರಡು. ತಮ್ಮ ಮುದ್ರೆಯೊತ್ತಿದ ಒಂದು ಸ್ತಂಭಾಲೇಖವನ್ನು ನನ್ನ ಅಮ್ಮನಿಗೆ ಕಳುಹಿಸಿಕೊಟ್ಟರೆ ನನ್ನ ಮೂರು ವರ್ಷದ ಬೈಗುಳ ಒಂದೇ ಏಟಿಗೆ ರದ್ದಾಗುತ್ತದೆ.

ಈಗ ಮೂರನೇ ನಂಬರಿನ ವಿಷಯಕ್ಕೆ ಬರುತ್ತೇನೆ. ನನ್ನ ಅಜ್ಜಿ ದಿನಾ ಬೆಳಗ್ಗೆ ಅದನ್ನು ಹತ್ತಿ ಮಾರ್ಗದ ಇನ್ನೊಂದು ತುದಿಯಲ್ಲಿರುವ ಅವಳ ಅಕ್ಕನ ಮನೆಗೆ ಹೋಗುತ್ತಾಳೆ. ದೊಡ್ಡಜ್ಜಿಗೆ ಕಣ್ಣು ಕಾಣುವುದಿಲ್ಲ. ಅಜ್ಜಿ ಅವಳಿಗೆ ಪತ್ರಿಕೆ ಓದಿ ಹೇಳುತ್ತಾಳೆ. ಓದಿ ಹೇಳುತ್ತಾಳೆ ಎನ್ನುವುದಕ್ಕಿಂತ, ಅಚ್ಚಾದದ್ದರ ನಡುವೆ ಅಚ್ಚಾಗದ್ದನ್ನೂ ತೂರಿಸುತ್ತಾಳೆ ಎನ್ನುವುದು ಸರಿ. ಹಲ್ಲಿಲ್ಲದವರಿಗೆ ಬ್ರಷ್ಷು ಅರ್ಧ ಬೆಲೆಗೆ ಸಿಗುತ್ತದೆ ಎಂಬ ಸುದ್ದಿ ಒಮ್ಮೆ ಆ ಮನೆಯ ಪಡಸಾಲೆಯಲ್ಲೇ ಹುಟ್ಟಿತು. ಯಾವುದು ಪತ್ರಿಕೆಯದು, ಯಾವುದು ತಂಗಿಯದು ಎಂದು ಹಿಡಿಯುವುದೇ ದೊಡ್ಡಜ್ಜಿಯ ಕೆಲಸ. ಮಧ್ಯಾಹ್ನದವರೆಗೆ ಜಗಳ, ಆಮೇಲೆ ಊಟ.

ತಮ್ಮ ಆದೇಶ ಪತ್ರಿಕೆಯಲ್ಲಿ ಬಂದ ದಿನ ನನಗೆ ಕಾಲೇಜಿಗೆ ರಜೆ. ನಾನೂ ಅಲ್ಲೇ ಇದ್ದೆ.

“ಮೂರನೇ ನಂಬರ್ ಬಸ್ ನಿಲ್ಲಿಸ್ತಾರಂತೆ ಕಣೇ ಅಕ್ಕ. ಜನಾನೇ ಹತ್ತಲ್ವಂತೆ” ಎಂದು ಅಜ್ಜಿ ಓದಿದಳು.

“ಥೂ, ಸುಳ್ಳು ಹೇಳೋಕೂ ಒಂದು ಲಕ್ಷಣ ಬೇಕು ಕಣೇ” ಎಂದಳು ದೊಡ್ಡಜ್ಜಿ. “ಈಗ ತಾನೇ ನೂಕುನುಗ್ಗಲಲ್ಲಿ ಒಂದು ಚಪ್ಪಲಿ ಕಳ್ಕೊಂಡು ಬಂದ್ಯಲ್ಲ, ಅದು ಯಾವ ಬಸ್ಸಲ್ಲಿ?”

“ಮೂರನೇ ನಂಬರಲ್ಲೇ. ಆದ್ರೆ ಇದು ನಿಜವಾಗ್ಲೂ ಬರೆದಿದೆ.”

“ಲೇ ಕೋತಿ, ಇವಳು ಹೇಳೋದು ನಿಜಾನಾ?” ಎಂದು ದೊಡ್ಡಜ್ಜಿ ನನ್ನತ್ತ ತಿರುಗಿದಳು.

ಹೌದೆಂದೆ. ಮನೆಯಲ್ಲಿ ನನ್ನ ಮಾತಿಗೆ ಎಷ್ಟು ಕಡಿಮೆ ಬೆಲೆಯೆಂದು ತಿಳಿದವರು ದೊಡ್ಡಜ್ಜಿಯ ಗಾಬರಿಯನ್ನು ಊಹಿಸಬಹುದು. ಅವಳು ನಂಬಿಬಿಟ್ಟಳು.

“ಹಂಗಾದ್ರೆ ನಂಗೆ ಯಾರು ಓದ್ತಾರೆ?”

“ರೇಡಿಯೋ ಇದೆಯಲ್ಲ ದೊಡ್ಡಜ್ಜಿ” ಎಂದೆ, ಸಮಾಧಾನಕ್ಕೆ.

“ರೇಡಿಯೋ ಜೊತೆ ಜಗಳ ಆಡೋಕಾಗುತ್ತೇನೇ?”

ತಮ್ಮ ಆದೇಶದಲ್ಲಿ ಬದಲಿ ವ್ಯವಸ್ಥೆಯ ಪ್ರಸ್ತಾಪವಿದೆ, ನೋಡಿದ್ದೇನೆ. ಒಂದು ಬಸ್ಸಿಳಿದು, ಮೇಲ್ಸೇತುವೆ ಹತ್ತಿ ದಾಟಿ, ಇನ್ನೊಂದು ಬಸ್ಸು ಹಿಡಿಯಬೇಕು. ಅಜ್ಜಿಯ ಮೊಣಕಾಲು ನಮ್ಮ ಮನೆಯ ಹೊಸ್ತಿಲನ್ನು ದಾಟುವುದಕ್ಕೇ ನನ್ನ ಹೆಗಲಿನ ಅನುಮತಿ ಕೇಳುತ್ತದೆ. ಮೇಲ್ಸೇತುವೆಯ ಮೆಟ್ಟಿಲಿಗೆ ಅದು ಒಪ್ಪುವುದಿಲ್ಲ. ಹಾಗಾಗಿ ಸೋಮವಾರದಿಂದ ಒಬ್ಬಳು ಈ ತುದಿಯಲ್ಲಿ ಪತ್ರಿಕೆ ಹಿಡಿದು ಕೂರುತ್ತಾಳೆ, ಇನ್ನೊಬ್ಬಳು ಆ ತುದಿಯಲ್ಲಿ ಕಿವಿ ತೆರೆದು ಕೂರುತ್ತಾಳೆ. ನಡುವೆ ತಮ್ಮ ಹಲ್ಲುಕಡ್ಡಿ.

ಈ ಕಾರಣಕ್ಕಾಗಿಯೇ ಮರುದಿನ ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಗುಮಾಸ್ತರು ಬಹಳ ಒಳ್ಳೆಯವರು, ಚಹಾ ಕೊಡಿಸಿದರು.

“ಸಾರ್, ಇದು ಜನರ ಲೆಕ್ಕ ಅಲ್ಲ, ಬಸ್ ನಂಬರಿನ ಮೊತ್ತ” ಎಂದೆ.

“ನಂಬರ್ ಅಂದ್ಮೇಲೆ ಕೂಡ್ಲೇಬೇಕಲ್ವೇನಮ್ಮ?”

“ನಿಮ್ಮ ಫೋನ್ ನಂಬರಿಗೆ ನನ್ನ ಫೋನ್ ನಂಬರ್ ಕೂಡಿದ್ರೆ ಯಾರಿಗೆ ಹೋಗುತ್ತೆ ಸಾರ್?”

ಅವರು ಲೋಟ ಕೆಳಗಿಟ್ಟರು. ಕಂಪ್ಯೂಟರಿನಲ್ಲಿ ಆಲೇಖ ತೆರೆದರು. ಮಾರ್ಗ ಸಂಖ್ಯೆಯ ಮುಂದಿನ ಗುರುತು ತೆಗೆದು ಪ್ರಯಾಣಿಕರ ಸಂಖ್ಯೆಯ ಮುಂದೆ ಹಾಕಿ ಎಂದೆ. ಹಾಕಿದರು. ಅಷ್ಟೇ. ಹಸಿರು ಕಂಬ ಸೂಜಿ ಚುಚ್ಚಿದ ಬಲೂನಿನಂತೆ ಕುಸಿಯಿತು. ಎಡಮೂಲೆಯ ಕೆಂಪು ಕಂಬ ಎದ್ದಿತು ನೋಡಿ, ಎಲ್ಲ ಕಂಬಗಳ ತಲೆಯನ್ನೂ ದಾಟಿ ನಿಂತಿತು.

“ಅಯ್ಯಯ್ಯೋ, ಮೊದ್ಲು ಇದನ್ನ ಮುಚ್ಬೇಕಮ್ಮ!” ಎಂದು ಗುಮಾಸ್ತರು ಬಾಗಿಲ ಕಡೆ ನೋಡಿದರು. “ಸಾಹೇಬ್ರು ಆಗ್ಲೇ ಸಹಿ ಹಾಕ್ಬಿಟ್ಟಿದಾರೆ.”

“ಸಹಿ ದೊಡ್ಡದಾ ಸಾರ್, ಬಸ್ ದೊಡ್ಡದಾ?”

“ರೋಡಲ್ಲಾದ್ರೆ ಬಸ್ಸು. ಇಲ್ಲಿ ಸಹಿ.”

ಅವರನ್ನು ಗದರಿಸಬೇಡಿ. ತಪ್ಪು ಬೆರಳು ಯಾರಿಗಿಲ್ಲ? ನನ್ನ ಮೊದಲ ಸ್ತಂಭಾಲೇಖದಲ್ಲಿ ನಮ್ಮ ಕುಟುಂಬದವರ ಹುಟ್ಟಿದ ಇಸವಿಗಳನ್ನು ಕೂಡಿ, ನಾವೆಲ್ಲ ಸೇರಿ ಹತ್ತು ಸಾವಿರ ವರ್ಷ ಹಳಬರೆಂದು ಸಾಧಿಸಿದ್ದೆ. ಮೇಷ್ಟ್ರು ನಕ್ಕರು, ತಿದ್ದಿದೆ, ಮುಗಿಯಿತು. ಆ ಆಲೇಖಕ್ಕೆ ಯಾರೂ ಸಹಿ ಹಾಕಿರಲಿಲ್ಲ ಎಂಬುದೇ ನನ್ನ ಪುಣ್ಯ. ತಪ್ಪು ಕಂಡ ಮೇಲೂ ಪರದೆ ಮುಚ್ಚಬೇಕಾದ ಸ್ಥಿತಿ ತಮ್ಮ ಕಚೇರಿಗೆ ಏಕೆ ಬಂತು? ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ತಾವು ಕನ್ನಡಿಯನ್ನು ತಿರುವಿ ಹಿಡಿದು, ಅದರ ಬೆನ್ನಿನಲ್ಲಿ ಅಂಗೈ ಕಾಣಿಸದಿರುವುದರಿಂದ ಅಂಗೈಯನ್ನೇ ರದ್ದು ಮಾಡುತ್ತಿದ್ದೀರಲ್ಲ?

ಆದ್ದರಿಂದ ತಮ್ಮ ಮುಂದೆ ಎರಡು ದಾರಿಗಳನ್ನಿಡುತ್ತೇನೆ. ಮೊದಲನೆಯದು, ಒಂದು ಗುರುತು ತೆಗೆದು ಇನ್ನೊಂದು ಗುರುತು ಹಾಕಿ, ಸೋಮವಾರಕ್ಕೆ ಮುಂಚೆ ಆದೇಶವನ್ನು ಹಿಂಪಡೆಯುವುದು. ಇದರಿಂದ ತಮ್ಮ ಸಹಿಗೆ ಮುಖಭಂಗವಾಗುತ್ತದೆ ಎನ್ನುವುದಾದರೆ ಎರಡನೆಯದು, ಮೂರನೇ ನಂಬರ್ ಬಸ್ಸಿಗೆ ಮೂರು ಸಾವಿರ ಎಂದು ಮರುನಾಮಕರಣ ಮಾಡುವುದು. ತಮ್ಮ ವಿಧಾನದ ಒಂದು ಕೂದಲೂ ಕೊಂಕುವುದಿಲ್ಲ, ಕಂಬ ತಾನಾಗಿ ತಮ್ಮ ಕಚೇರಿಯ ಸೂರು ಸೀಳಿಕೊಂಡು ಹೋಗುತ್ತದೆ. ಬೇಕಾಗುವುದು ಮೂರು ಸೊನ್ನೆ ಮಾತ್ರ. ಬಣ್ಣ, ಕುಂಚ, ಏಣಿ ಎಲ್ಲ ನಮ್ಮ ಮನೆಯಲ್ಲಿವೆ, ಉಚಿತವಾಗಿ ಬರೆದುಕೊಡುತ್ತೇನೆ.

ಯಾವ ದಾರಿ ಹಿಡಿದರೂ ಪತ್ರಿಕೆಗೆ ಕೊಡುವ ಪ್ರಕಟಣೆಯ ಅಕ್ಷರ ದಪ್ಪಗಿರಲಿ. ಅಜ್ಜಿ ಅದೊಂದನ್ನು ಮಾತ್ರ ಏನೂ ಸೇರಿಸದೆ ಓದುತ್ತೇನೆಂದು ಮಾತು ಕೊಟ್ಟಿದ್ದಾಳೆ. ದೊಡ್ಡಜ್ಜಿ ಅದನ್ನೂ ಸುಳ್ಳೆಂದೇ ಹೇಳುತ್ತಾಳೆ. ಅವರಿಬ್ಬರ ಜಗಳ ಬಿಡಿಸುವುದು ತಮ್ಮ ಕೆಲಸವಲ್ಲ. ಜಗಳಕ್ಕೆ ಸರಿಯಾದ ಹೊತ್ತಿಗೆ ಅಜ್ಜಿಯನ್ನು ತಲುಪಿಸುವುದಷ್ಟೇ ತಮ್ಮ ಕೆಲಸ.

ಇಂತಿ,
ಆಸನ ಸಿಗದೆ, ಒಂದೇ ಕಾಲಿನ ಮೇಲೆ ನಿಂತು,
ತಮ್ಮ ಲೆಕ್ಕದ ಪ್ರಕಾರ ಖಾಲಿಯಿರುವ ಬಸ್ಸಿನಲ್ಲಿ ಈ ಪತ್ರ ಬರೆದ ಪ್ರಯಾಣಿಕಳು