ಬೋರ್ಡಿನ ನಾಲ್ಕು ಮೊಳೆ

ಅಕ್ಕ,

ಗಾಬರಿ ಬೇಡ, ಪಾಸಾದೆ. ಇಂಗಾಲ ಕಡಿಮೆ ಉಗುಳುವ ಕಟ್ಟಡಗಳನ್ನು ಕಟ್ಟುವ ತರಬೇತಿ ಇವತ್ತಿಗೆ ಮುಗಿಯಿತು. ಗಾಳಿ ಸೋರದಂತೆ ನಾವೇ ಕಟ್ಟಿದ ಕೋಣೆಯ ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಪರೀಕ್ಷಿಸಿದರು. ಮೊದಲ ಸಲ ನನ್ನದು ಫೇಲ್. ಪಾಸಾದರೆ ಸಿಗಬೇಕಿದ್ದ ಶಾಲೆ ಕಟ್ಟಡದ ಕೆಲಸ ಕೈತಪ್ಪಿತೆಂದುಕೊಂಡೆ. ಗಾಳಿ ಎಲ್ಲಿ ಸೋರುತ್ತಿದೆ ಎಂದು ನೋಡಲು ಮೇಷ್ಟ್ರು ಹೊಗೆಯಾಡುವ ಕಡ್ಡಿ ಹಿಡಿದು ಗೋಡೆಯುದ್ದಕ್ಕೂ ನಡೆದರು. ನಾನು ಬರೆದು ಹಾಕಿದ್ದ ಬೋರ್ಡಿನ ನಾಲ್ಕೂ ಮೊಳೆಗಳ ಹತ್ತಿರ ಹೊಗೆ ಚದುರಿತು.

"ಏನ್ ಬರ್ದಿದೀರಿ, ಓದಿ" ಅಂದರು.

"ಈ ಗೋಡೆಗೆ ಮೊಳೆ ಹೊಡೆಯಬಾರದು" ಅಂತ ಓದಿದೆ.

ತೂತು ಮುಚ್ಚಿದ ಮೇಲೆ ಪಾಸು. ನನ್ನ ಮಂಡಿನೋವು ಕಡಿಮೆಯಾಗಿದೆ. ಮೊಳೆಯ ಸಂಗತಿ ಭಾವನಿಗೆ ಹೇಳಬೇಡ, ವರ್ಷವಿಡೀ ಆಡಿಕೊಳ್ಳುತ್ತಾರೆ. ಟಪಾಲು ಇಸಿದುಕೊಳ್ಳುವುದು ಅವರೇ ಎಂದು ಈಗ ನೆನಪಾಯಿತು.

ನಿನ್ನ ತಮ್ಮ

ಭಾವ, ಓದಿದ್ದು ಸಾಕು, ಅಕ್ಕನಿಗೆ ಕೊಡಿ.