ರೈಲಾಟದಲ್ಲಿ ಕುಳಿತವಳು

೬ ಜುಲೈ ೧೯೪೨, ಸೋಮವಾರ

ಬೆಳಿಗ್ಗೆ ಮತ್ತೆ ಹುಣಸೆ ಬೀಜ ತೊಳೆದು ಒಣಹಾಕಿದೆ — ಮಕ್ಕಳ ಆಟಕ್ಕೆ. ಮಧ್ಯಾಹ್ನ ಆದಿಲಕ್ಷ್ಮಮ್ಮ ಟೀಚರು ಟ್ರೈನಿಂಗಿನ ನಮ್ಮನ್ನೆಲ್ಲ ಕೂರಿಸಿಕೊಂಡರು. ರಂಗೂನಿಗೆ ದುಡಿಯಲು ಹೋಗಿದ್ದ ಮತ್ತಿಗಿರಿಯ ಒಂದು ಸಂಸಾರ ಜಪಾನಿನವರ ಬಾಂಬಿಗೆ ಹೆದರಿ ಬೆಟ್ಟ ಕಾಡು ನಡೆದು ವಾಪಸು ಬಂದಿದೆಯಂತೆ. ಐದು ವರ್ಷದ ಹುಡುಗಿ ನಮ್ಮ ಶಿಶುವಿಹಾರಕ್ಕೆ ಬರುತ್ತಾಳೆ. ನಾಳೆ ನೀವೇ ಟೀಚರಾಗುವವರು, ಏನನ್ನಿಸುತ್ತದೆ ಹೇಳಿ ಎಂದರು. ನನ್ನ ಪಕ್ಕ ಕೂರುವ ರಾಮಲಕ್ಷ್ಮಮ್ಮ, ಕಾಯಿಲೆ ತರುತ್ತಾರೆ ಎಂದಳು. ಉಳಿದವರು ಅಯ್ಯೋ ಪಾಪ ಎಂದರು. ನಾನು, ಯಾವ ಭಾಷೆ ಮಾತಾಡುತ್ತಾಳೆ ಎಂದೆ. ಎಲ್ಲರೂ ನಕ್ಕರು.

೮ ಜುಲೈ

ರಂಗೂನಿನ ಹುಡುಗಿ ಕೊಂಡಮ್ಮ ಬಂದಳು. ಕಾಲಿನ ಹುಣ್ಣು ಇನ್ನೂ ವಾಸಿಯಾಗಿಲ್ಲ. ರಾಮಲಕ್ಷ್ಮಮ್ಮನ ಸೆರಗು ಹಿಡಿದು ಬೆಳಗಿನಿಂದ ಒಂದೇ ಮಾತು — "ಯೇ, ಯೇ." ಟೀಚರನ್ನೇ ಏ ಅನ್ನುತ್ತಾಳೆ, ಮರ್ಯಾದೆ ಕಲಿಸಿಲ್ಲ ಎಂದು ರಾಮಲಕ್ಷ್ಮಮ್ಮ ಸಿಡುಕಿದಳು. ಸಂಜೆ ಮಗುವನ್ನು ಕರೆದೊಯ್ಯಲು ಬಂದ ತಾಯಿ ಬೈರಮ್ಮನನ್ನು ಕೇಳಿದೆ.

"ನೀರು ಕಣಮ್ಮ. ಅಲ್ಲಿ ನೀರಿಗೆ ಹಂಗಂತಾರೆ."

ಇಡೀ ದಿನ ಬಾಯಾರಿಕೊಂಡೇ ಇದ್ದಳು. ಇನ್ನೂ ಎಂಥೆಂಥ ಮಾತುಗಳಿವೆಯೋ ಅವಳ ಹತ್ತಿರ. ಒಂದೊಂದೇ ಕೇಳಬೇಕು.

೨೧ ಜುಲೈ, ಸಂಜೆ

ಬರೆಯಲು ಬಿಡುವಿರಲಿಲ್ಲ. ಈ ದಿನ ರೈಲಾಟ. ರಾಮಲಕ್ಷ್ಮಮ್ಮ ಇಂಜಿನ್. ಹಿಂದೆ ಮಕ್ಕಳು, ಒಬ್ಬರ ಅಂಗಿ ಇನ್ನೊಬ್ಬರು ಹಿಡಿದು. ಪಾಪಮ್ಮ ಎಂಬ ಪುಟ್ಟದು ಎಡವಿ ಕುಳಿತುಬಿಟ್ಟಿತು. ರೈಲು ಮುಂದೆ ಹೋಯಿತು. ಕೊಂಡಮ್ಮ ಹೋಗಲಿಲ್ಲ. ಪಾಪಮ್ಮನನ್ನು ತಬ್ಬಿ ಅಲ್ಲೇ ಕುಳಿತಳು. ಎಬ್ಬಿಸಲು ಕೈ ಎಳೆದ ರಾಮಲಕ್ಷ್ಮಮ್ಮನನ್ನು ಕಚ್ಚಿದಳು — ರಕ್ತ ಬಂತು. ಇವಳನ್ನು ಶಿಶುವಿಹಾರ ಬಿಡಿಸಿ, ಇಲ್ಲವೇ ನಾನು ಬಿಡುತ್ತೇನೆ ಎಂದು ರಾಮಲಕ್ಷ್ಮಮ್ಮನ ಹಟ. ಶುಕ್ರವಾರ ಎಲ್ಲರನ್ನೂ ಕೇಳಿ ತೀರ್ಮಾನ ಎಂದರು ಟೀಚರು.

ಪಾಪಮ್ಮನಿಗೆ ಪೆಟ್ಟೇ ಆಗಿರಲಿಲ್ಲ. ಮತ್ತೆ ಯಾಕೆ?

೨೨

ತಡೆಯಲಾಗದೆ ಮತ್ತಿಗಿರಿಗೇ ಹೋದೆ. ಬೈರಮ್ಮ ರಾಗಿ ಕೇರುತ್ತಲೇ ಹೇಳಿದಳು. ಬೆಟ್ಟದ ದಾರಿ, ಹಿಂದೆ ಮುಂದೆ ಜನವೋ ಜನ. ದೊಡ್ಡ ಮಗ ಜ್ವರದಲ್ಲಿ ಕುಳಿತುಬಿಟ್ಟ. ನೀವು ನಡೀರಿ, ನಿಧಾನವಾಗಿ ಬರುತ್ತೇನೆ ಎಂದನಂತೆ.

"ಇವ್ಳು ಸೊಂಟದಾಗಿದ್ಲು. ಹಿಂದ್ಲೋರು ನಮ್ಮನ್ನ ತಳ್ಕೊಂಡು ಬಂದ್ಬುಟ್ರು. ಆಮ್ಯಾಕೆ ತಿರುಗಿ ಹೋದ್ರೆ... ಇರ್ಲಿಲ್ಲ."

ಮೊರ ನಿಲ್ಲಲಿಲ್ಲ.

೨೪, ಶುಕ್ರವಾರ

ಎಲ್ಲರ ಮುಂದೆ ಹೇಳಿದೆ. ಈ ಸಲ ಯಾರೂ ಅಯ್ಯೋ ಪಾಪ ಎನ್ನಲಿಲ್ಲ. ರಾಮಲಕ್ಷ್ಮಮ್ಮ ಬಟ್ಟೆ ಕಟ್ಟಿದ ಕೈಯನ್ನೇ ನೋಡುತ್ತಿದ್ದಳು. ಹಾಗೇ ಕೇಳಿದಳು —

"ಆ ಹುಡುಗನ ಹೆಸರೇನು?"

ಅಷ್ಟೆಲ್ಲ ಕೇಳಿಬಂದಿದ್ದೆ. ಅದೊಂದು ಕೇಳಿರಲಿಲ್ಲ.

ಕೊಂಡಮ್ಮ ಇರುತ್ತಾಳೆ.

೩ ಆಗಸ್ಟ್, ಬೆಳಿಗ್ಗೆ

ನಿನ್ನೆ ರಾಮಲಕ್ಷ್ಮಮ್ಮ ಒಬ್ಬಳೇ ಮತ್ತಿಗಿರಿಗೆ ಹೋಗಿದ್ದಳಂತೆ. ನನಗೂ ಹೇಳದೆ. ಹುಡುಗನ ಹೆಸರು ಕೇಳಿದ್ದಕ್ಕೆ ಬೈರಮ್ಮ ಎದ್ದು ಒಳಗೆ ಹೋದಳಂತೆ. ಉತ್ತರ ಕೊಟ್ಟವಳು ಕೊಂಡಮ್ಮ.

"ಅಶ್ವತ್ಥ. ನಿಧಾನಕ್ಕೆ ಬತ್ತಾನೆ."

ಬಂದರೆ ಅವನನ್ನೂ ಸೇರಿಸಿಕೊಳ್ಳುತ್ತೀರಾ ಎಂದಳಂತೆ. ರಾಮಲಕ್ಷ್ಮಮ್ಮ ಹೂಂ ಅಂದುಬಿಟ್ಟಿದ್ದಾಳೆ. ತಪ್ಪಾಯಿತೇ ಎಂದು ಈಗ ನನ್ನನ್ನು ಕೇಳುತ್ತಾಳೆ. ಟೀಚರನ್ನು ಕೇಳಬೇಕು. ಟೀಚರಿಗಾದರೂ ಗೊತ್ತಿರುತ್ತದೋ... ಬಾಗಿಲಲ್ಲಿ ಕೊಂಡಮ್ಮನ ದನಿ. ರಾಮಲಕ್ಷ್ಮಮ್ಮ ಆಗಲೇ ಎದ್ದು ಹೋದಳು. ನಾನೂ —