ಜಗಳವಿಲ್ಲದ ಕೌಂಟರ್

ಒಂದನೇ ತಾರೀಕು, ಮಂಗಳವಾರ.

ಇವತ್ತು ಪಾರ್ಸೆಲ್ ಕೌಂಟರಿನಲ್ಲಿ ಒಂದೂ ಜಗಳವಾಗಲಿಲ್ಲ. ಅದೇ ತಲೆ ಕೊರೆಯುತ್ತಿದೆ.

ರಸೀದಿಯ ಕೊನೆಯಲ್ಲಿ ನುಸುಳಿಸುತ್ತಿದ್ದ ಪ್ಯಾಕಿಂಗ್, ನಿರ್ವಹಣೆ ಮುಂತಾದ ಶುಲ್ಕಗಳನ್ನು ಇನ್ನು ಮುಂದೆ ಮೊದಲೇ ತಿಳಿಸಬೇಕೆಂದು ಕಾನೂನು ಬಂದಿದೆ. ಒಟ್ಟು ದರದ ಫಲಕವನ್ನು ಬೆಳಿಗ್ಗೆ ನಾನೇ ತೂಗುಹಾಕಿದೆ. ನ್ಯಾಯವೇ. ಇಷ್ಟು ವರ್ಷ ಜನರ ಕಣ್ಣಿಗೆ ಮಣ್ಣೆರಚಿದ್ದು ಸಾಕು.

ಮಧ್ಯಾಹ್ನ ಗಣಿತದ ಮೇಷ್ಟರು ಬಂದರು, ಎಂದಿನಂತೆ ಮಗಳಿಗೆ ಪುಸ್ತಕ ಕಳಿಸಲು. ಪ್ರತಿ ತಿಂಗಳೂ ರಸೀದಿ ನೋಡಿ, "ಇದ್ಯಾವ ಶುಲ್ಕನಮ್ಮಾ? ಹಾಡಹಗಲೇ ದರೋಡೆ ಮಾಡ್ತೀರಲ್ಲ" ಎಂದು ಕಾಲು ಗಂಟೆ ಕೂಗಾಡುತ್ತಿದ್ದರು. ಸಿಟ್ಟಿಳಿದ ಮೇಲೆ, "ಹೋಗ್ಲಿ ಬಿಡು, ನೀನೇನು ಮಾಡ್ತೀಯ. ಊಟ ಆಯ್ತಾ?" ಎನ್ನುತ್ತಿದ್ದರು.

ಇವತ್ತು ಫಲಕ ಓದಿದರು, ಅಷ್ಟೇ ಹಣ ಇಟ್ಟರು, "ಸರಿಯಾಗಿದೆ" ಎಂದು ಹೊರಟೇಬಿಟ್ಟರು.

ಮನೆಗೆ ಬಂದು ತಿಂದದ್ದಾಯಿತು, ಒಂದೇ ತಟ್ಟೆ ತೊಳೆದದ್ದೂ ಆಯಿತು. ಊಟ ಆಯ್ತಾ ಎಂದು ಕೇಳಲು ನನಗಿದ್ದದ್ದು ಅವರೊಬ್ಬರೇ.

ಬರುವ ತಿಂಗಳು ಅವರು ಬಾಗಿಲಲ್ಲಿ ಕಂಡ ಕೂಡಲೇ ಫಲಕವನ್ನು ಮೇಜಿನ ಕೆಳಗೆ ಇಟ್ಟುಬಿಡಲೇ ಎನಿಸುತ್ತಿದೆ. ಗೊತ್ತಾದರೆ ಕೆಲಸ ಹೋದೀತು. ಆದರೂ ಒಂದೇ ಒಂದು ಗಳಿಗೆ, ಅವರು ನನ್ನನ್ನು ಬೈದು ಮುಗಿಸಿ, ಊಟ ಆಯ್ತಾ ಎನ್ನುವವರೆಗೆ ಸಾಕು.